ತೊಳೆಯಬಾರದ ಫ್ರಾಕು

ಮೊನ್ನೆ ನಮ್ಮೂರಿನ ಎಂ.ಸಿ.ಸಿ. ಬಡಾವಣೆಗೆ ಹೋಗಿದ್ದೆ, ನನಗೆ ವಸ್ತ್ರವಿನ್ಯಾಸ ಕಲಿಸಿದ ಮೇಡಂ ಮನೆಗೆ. ಅವರು ಬೀರು ತೆಗೆದದ್ದೇ ತಡ, ಸುಟ್ಟ ಟೈರಿನ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದಳು, ಕೆಮ್ಮುತ್ತಾ…

ತೊಂಬತ್ತರ ದಶಕದ ಕೊನೆಯಲ್ಲಿ ಅಕ್ಕ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದಳು. ಭಟ್ಟಿಯ ಸಾಹುಕಾರರು ಒಲೆಗೆ ಹಳೇ ಟೈರು ತುರುಕಿಸುತ್ತಿದ್ದರು, ಅದು ಅಗ್ಗವೆಂದು. ಊರಿಗೆಲ್ಲ ಬೆಳ್ಳನೆಯ ಮಂಡಕ್ಕಿ, ಅಕ್ಕನಿಗೆ ಕಪ್ಪು ಕಫ. ಆದರೂ ಸಂಜೆಯಾದರೆ ನಮಗೆಲ್ಲ ಮಂಡಕ್ಕಿ ಮಿರ್ಚಿ ಬೇಕೇ ಬೇಕು.

ಒಂದು ವಸ್ತು ತಯಾರಾಗುವಾಗ ಯಾರಿಗೆ ಏನಾಗುತ್ತದೆಂದು ಮೊದಲು ಹೋಗಿ ನೋಡಿ, ನೋಡಿದ್ದನ್ನೇ ವಿನ್ಯಾಸ ಮಾಡಿ ಎನ್ನುವುದು ಮೇಡಂ ಪಾಠ. ಆಗ ಅವರ ವಿದ್ಯಾರ್ಥಿನಿಯಾಗಿದ್ದ ನಾನೇ ಅವರನ್ನು ಅಕ್ಕನ ಬಳಿ ಕರೆದೊಯ್ದೆ. ಅವರು ಕೊಟ್ಟ ಬಿಳಿ ಬಟ್ಟೆಯನ್ನು ಅಕ್ಕ ಭಟ್ಟಿಯಲ್ಲಿ ನೇತುಹಾಕಿ, ಮಸಿ ಹಿಡಿದ ಮೇಲೆ ತಂದುಕೊಟ್ಟಳು. ಮೇಡಂ ಅದರಲ್ಲೊಂದು ಕೂಸಿನ ಫ್ರಾಕು ಹೊಲಿದರು.

"ಇದನ್ನ ನೋಡಿದ್ರ ಟೈರ್ ಸುಡಾದು ಬಿಡ್ತಾರೇನ್ರಿ?" ಎಂದಳು ಅಕ್ಕ.

"ಬಿಡ್ತಾರೆ ಕಣಮ್ಮ."

"ಆಮ್ಯಾಲೆ ಫ್ರಾಕು ನಂಗ ಕೊಡ್ರಿ. ತೊಳ್ದು ಮಗಳಿಗೆ ಹಾಕ್ತೀನಿ."

"ತೊಳೆಯೋ ಹಾಗಿಲ್ಲ. ಅದು ಸಾಕ್ಷಿ."

ಹರಿಹರದಲ್ಲಿ ಪ್ರದರ್ಶನ ನಡೆಯಿತು. ನಾಚಿಕೆಯಾದರೂ ಆಗಲಿ ಎಂದು ಮೇಡಂ ಸಾಹುಕಾರರನ್ನೂ ಕರೆದಿದ್ದರು. ಅವರು ಫ್ರಾಕಿನ ಅಂಚು ಮುಟ್ಟಿ, ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡು, "ಚಲೋ ತೋರ್ಸೀರಿ ಮೇಡಂ, ಕಣ್ಣು ತೆರೀತು," ಎಂದರು. ವಾಪಸ್ ಬರುವ ರೈಲಿನಲ್ಲಿ ಅಕ್ಕ ಅದನ್ನೇ ಹೇಳಿಕೊಂಡು ನಗುತ್ತಿದ್ದಳು.

ಪ್ರತಿ ದೀಪಾವಳಿಗೆ ಭಟ್ಟಿಯ ಹೆಂಗಸರಿಗೆ ಸಾಹುಕಾರರು ಸೀರೆ ಕೊಡುವುದು ರೂಢಿ. ಆ ವರ್ಷ ಎಲ್ಲರಿಗೂ ಕಪ್ಪು ಸೀರೆ ಕೊಟ್ಟರು. ಟೈರು ಹಾಗೇ ಉರಿಯುತ್ತಿತ್ತು. ಕೇಳಲು ಹೋದ ಮೇಡಂ ಜೊತೆ ನಾನೂ ಇದ್ದೆ.

"ನೀವೇ ತೋರ್ಸಿದ್ರಲ್ರಿ, ಬಿಳೇದು ಅಲ್ಲಿ ನಿಲ್ಲಲ್ಲ ಅಂತ. ಇದ್ರಾಗ ಮಸಿ ಕಾಣಂಗಿಲ್ಲ," ಎಂದ ಸಾಹುಕಾರರು ಚಹಾ ತರಿಸಿದರು. ಮೇಡಂ ಕುಡಿದರು.

"ಹಬ್ಬಕ್ಕೆ ಕರೇ ಸೀರೆ ಯಾರಾದ್ರೂ ಕೊಡ್ತಾರೇನವ್ವ?" ಎಂದು ಅಕ್ಕ ನನ್ನನ್ನು ಕೇಳಿದಳು. ಮರುದಿನ ಅದನ್ನೇ ಉಟ್ಟು ಕೆಲಸಕ್ಕೆ ಹೋದಳು. ಮುಂದಿನ ದೀಪಾವಳಿಗೆ ಅವಳಿರಲಿಲ್ಲ.

ಮೊನ್ನೆ ಮೇಡಂ ಬೀರುವಿನಿಂದ ತೆಗೆದದ್ದು ಅದೇ ಫ್ರಾಕು. ಮೇಜಿನ ಮೇಲೆ ಹಾಸಿ, ಟೇಪು ಹಿಡಿದು ಅಳತೆ ತೆಗೆದರು. ಗಾಜಿನ ಚೌಕಟ್ಟು ಹಾಕಿಸುತ್ತಾರಂತೆ.

"ಇಷ್ಟು ವರ್ಷ ಜೋಪಾನ ಮಾಡಿದೀನಿ," ಎಂದರು. "ಧೂಳು ಕೂತ್ರೆ ಹಾಳಾಗತ್ತೆ."