ಚುಕ್ಕಾಣಿ ಹಿಡಿದ ಚಾಚಾ

ಪಕ್ಕದ ಮನೆಯ ಚಾಚಾ ಮಸ್ಕಿಯ ಬಜಾರಿನಲ್ಲಿಯೂ ಕಾಲು ಅಗಲಿಸಿ, ಮೈ ತೂಗುತ್ತಾ ನಡೆಯುತ್ತಿದ್ದರು. ವರ್ಷಗಟ್ಟಲೆ ಸರಕು ಹಡಗಿನ ಚುಕ್ಕಾಣಿ ಹಿಡಿದವರಿಗೆ ಗಟ್ಟಿ ನೆಲದ ಮೇಲೂ ಅಲೆಯ ಅನುಮಾನ. ರಜೆಗೆ ಬಂದ ದಿನವೇ ನಮ್ಮ ಕಟ್ಟೆಯ ಮೇಲೆ ಕೂತು, ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು, "ನಿಮ್ಮವ್ವನ ಕೈ ಚಹಾ ಯಾವ ಬಂದರದಾಗೂ ಸಿಗಂಗಿಲ್ಲ ಬೇಟಾ" ಎನ್ನುತ್ತಿದ್ದರು. ಬಳಗಾನೂರಿನ ಕಾಲುವೆಯಲ್ಲಿ ನನಗೆ ಈಜು ಕಲಿಸಿದವರೂ ಅವರೇ. ನಾನು ಹೆದರಿ ಕಿರುಚಿದರೆ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, "ನಾ ಅದೀನಲ್ಲ, ಕೈಕಾಲು ಬಡಿ" ಎನ್ನುವರು. ಆ ಕೈ ಯಾವಾಗ ತೆಗೆದರೋ ನನಗೆ ತಿಳಿಯಲೇ ಇಲ್ಲ.

ಕಳೆದ ಸಲ ಅವರು ಹಡಗು ಹತ್ತಿದ ಮೇಲೆ ಕೊಲ್ಲಿಯ ಕಡೆ ಯುದ್ಧ ಶುರುವಾಯಿತು. ಚಾಚಿ ದಿನಾ ಸಂಜೆ ಮೊಬೈಲ್ ಹಿಡಿದು ಬರುವರು. ಹಡಗುಗಳನ್ನು ತೋರಿಸುವ ನಕ್ಷೆಯಲ್ಲಿ ಚಾಚಾರ ಹಡಗನ್ನು ನಾನು ಹುಡುಕಿ ತೋರಿಸುತ್ತಿದ್ದೆ. ಒಂದು ಸಂಜೆ ಅದು ಮರುಭೂಮಿಯ ನಡುವೆ, ವಿಮಾನ ನಿಲ್ದಾಣದಲ್ಲಿ ನಿಂತಿತ್ತು.

"ಹಡಗು ನೆಲದ ಮ್ಯಾಲ ಹೆಂಗ ಹೋತೋ?" ಎಂದರು ಚಾಚಿ. ನಾನು ನಕ್ಷೆ ಮುಚ್ಚಿ ಮತ್ತೆ ತೆರೆದೆ, ಅದು ಅಲ್ಲೇ ಇತ್ತು. ಮರುದಿನ ಚಾಚಾರೇ ಫೋನ್ ಮಾಡಿದರು.

"ಎಲ್ಲಾ ಹಡಗಿಂದೂ ಹಂಗಾ ತೋರಸಾಕತ್ತದ ಬೇಟಾ. ಡ್ರೋನು, ಕ್ಷಿಪಣಿ ದಾರಿ ತಪ್ಲಿ ಅಂತ ಫೌಜಿನವ್ರು ಸುಳ್ಳು ಸಿಗ್ನಲ್ ಬಿಡ್ತಾರ. ಉಪಗ್ರಹ ನಂಬಿ ಹೋಗೋ ನಮಗೂ ಅದಾ ಬಡೀತದ. ಈಗ ಕಣ್ಣಿಗೆ ಕಂಡಷ್ಟೇ ಖರೆ."

"ವಾಪಸ್ ಬಂದುಬಿಡ್ರಿ ಚಾಚಾ."

"ನಡು ನೀರಾಗ ಇಳಿಯಾಕ ಇದೇನು ಬಸ್ಸೇನೋ?" ನಕ್ಕರು. ಚಾಚಿ ನಗಲಿಲ್ಲ.

ವಾರದೊಳಗೆ, ಚಾಚಾರಿಗೆ ಹಡಗಿನ ಕೆಲಸ ಕೊಡಿಸಿದ್ದ ಮುಂಬೈಯ ಏಜೆಂಟ್ ಫೋನ್ ಮಾಡಿದ. ಧೂಳಿನ ಮಬ್ಬಿನಲ್ಲಿ ಸುಳ್ಳು ಸಿಗ್ನಲ್‌ಗೆ ದಿಕ್ಕು ತಪ್ಪಿದ ಚಾಚಾರ ಹಡಗೂ ಇನ್ನೊಂದು ಹಡಗೂ ಡಿಕ್ಕಿಯಾಗಿವೆ, ಬೆಂಕಿ ಹತ್ತಿದೆ, ಚಾಚಾ ಸಿಕ್ಕಿಲ್ಲ. ಕೆಲವು ದಿನಗಳಾದ ಮೇಲೆ ಹುಡುಕುವುದನ್ನೂ ನಿಲ್ಲಿಸಿದರು. ಮಸೀದಿಯಲ್ಲಿ ದುವಾ ಮಾಡಿದರು. ಮಣ್ಣು ಕೊಡೋಣವೆಂದರೆ ದೇಹವೇ ಇರಲಿಲ್ಲ.

ಠಾಣೆಗೆ ಹೋಗಿ ದೂರು ಕೊಡಲೇಬೇಕೆಂದು ಚಾಚಿ ಹಠ ಹಿಡಿದರು. ನಾನೇ ಕರೆದುಕೊಂಡು ಹೋದೆ. ಜಮಾದಾರರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಎಲ್ಲವನ್ನೂ ಕೇಳಿಸಿಕೊಂಡು ಪೆನ್ನು ತೆಗೆದರು.

"ಸುಳ್ಳು ಸಿಗ್ನಲ್ ಬಿಟ್ಟವ್ರು ಯಾರಂತ ಬರೀಲಿ ಅಮ್ಮಾ?"

ಚಾಚಿ ನನ್ನ ಕಡೆ ತಿರುಗಿದರು. "ನೀ ಓದಿದಾಂವ ಅದೀಯಲ್ಲ, ಹೇಳೋ."

ಯಾವ ದೇಶ, ಯಾವ ಫೌಜು, ಏಜೆಂಟನಿಗೂ ಗೊತ್ತಿರಲಿಲ್ಲ. ಚಾಚಿಯ ಮೊಬೈಲಿನಲ್ಲಿ ಹಡಗುಗಳ ನಕ್ಷೆ ತೆರೆದು ಜಮಾದಾರರ ಮುಂದಿಟ್ಟೆ. ಅವರು ಅದನ್ನು ನೋಡಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.