ಅಜ್ಜನಿಂದ ಕದಿಯಲಾಗದ ಒಂದು ಆಜ್ಞೆ

ನಮ್ಮ ಅಜ್ಜ ಒಂದು ಯುದ್ಧ ಮುಗಿಸಿ ಬಂದವರು, ಆಮೇಲೆ ನಿವೃತ್ತಿಯವರೆಗೆ ದೇವದುರ್ಗದ ತಾಲೂಕು ಕಚೇರಿಯಲ್ಲಿ ಫೈಲು ಹೊತ್ತವರು. ಎರಡರಲ್ಲಿ ಯಾವುದು ಕಷ್ಟ ಎಂದು ಕೇಳಿದರೆ, "ಯುದ್ಧದಾಗ ನಾವು ಕಾಯಬೇಕು, ಕಚೇರ್ಯಾಗ ಮಂದಿನ್ನ ಕಾಯಿಸಬೇಕು. ಎರಡೂ ಬ್ಯಾಸರನ ಲೇ" ಎನ್ನುತ್ತಿದ್ದರು. ಮಾನ್ವಿಯ ನಮ್ಮ ಮನೆಯಲ್ಲೂ ಫೌಜಿನ ಪದ್ಧತಿಯೇ. ಬೆಳಿಗ್ಗೆ ಐದಕ್ಕೆ "ಸಾವಧಾನ್!" ಎಂದರೆ ನಾನು ನೆಟ್ಟಗಾಗುತ್ತಿದ್ದೆ, ಹಾಸಿಗೆ ಬಿಡದೆ.

ಮಂದಿಯ ದನಿ ಕದಿಯುವುದೊಂದೇ ನನಗೆ ಬರುವ ವಿದ್ಯೆ. ಡಿಗ್ರಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಾಗ, ಪ್ರಿನ್ಸಿಪಾಲರ ದನಿಯಲ್ಲಿ ನಾನೇ ಪಾಸೆಂದು ಘೋಷಿಸಿಕೊಂಡಿದ್ದೆ. ಅಜ್ಜನ ದನಿಯಲ್ಲಿ ಪಡಸಾಲೆಯಿಂದ ಕೂಗಿದರೆ ಅಜ್ಜಿ ನನಗೇ ಚಹಾ ತಂದಿಡುತ್ತಿದ್ದಳು.

ರಾಯಚೂರಿನಲ್ಲಿ ಗಂಟಲಿನ ಆಪರೇಷನ್ ಆದ ಮೇಲೆ ಅಜ್ಜನಿಗೆ ಉಳಿದದ್ದು ಪಿಸುಮಾತು. ನಿವೃತ್ತ ನೌಕರರ ಭವನದಲ್ಲಿ ಧ್ವಜ ಏರಿಸುವಾಗ ಆಜ್ಞೆ ಕೊಡುವವರು ಪ್ರತಿವರ್ಷ ಅವರೇ. ಈ ಸಲ ಬೇರೆಯವರಿಗೆ ಬಿಟ್ಟುಕೊಡಿ ಎಂದು ಮನೆಯವರು ಅಂದದ್ದಕ್ಕೆ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ನನ್ನನ್ನು ಹತ್ತಿರ ಕರೆದರು.

"ನನ್ನಂಗ ಒದರ್ತಿಯಲ್ಲ, ಹಿಂದ ನಿಂತು ಒದರು. ನಾ ಬಾಯಿ ಆಡಸ್ತೀನಿ."

"ಯಜ್ಜಾ, ಇಷ್ಟು ದಿನ ಅದಕ್ಕ ಬೈತಿದ್ರೆಲ್ರೀ!"

"ಈಗ ಸರಕಾರಿ ಕೆಲಸ ಅದ. ಸುಮ್ನ ಮಾಡು."

ಆಗಸ್ಟ್ ಹದಿನೈದರಂದು ನಾನು ನೀರಿನ ಡ್ರಮ್ಮಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ. ಎದೆಯ ಮೇಲೆ ಪದಕ ತೂಗಿಸಿಕೊಂಡ ಅಜ್ಜ ಬಾಯಿ ತೆರೆದರು. ನಾನು "ಸಾವಧಾನ್!" ಎಂದೆ. ನಲವತ್ತು ಮುದುಕರು ಸೆಟೆದು ನಿಂತರು.

"ಸಾಹೇಬ್ರ ಗಂಟಲ ಮೊದಲಿಗಿಂತ ಚಲೋ ಆಗೇದಲ್ರೀ!" ಎಂದರು ಒಬ್ಬ ನಿವೃತ್ತ ಮಾಸ್ತರರು.

ಧ್ವಜ ಏರಿತು, ರಾಷ್ಟ್ರಗೀತೆ ಮುಗಿಯಿತು. ಅಜ್ಜ ಮತ್ತೆ ಬಾಯಿ ತೆರೆದರು, "ವಿಶ್ರಾಮ್" ಎನ್ನಲು. ನಾನು ನೆನಪಿನಲ್ಲಿ ಆ ದನಿಗಾಗಿ ತಡಕಾಡಿದೆ. ಶಾಲೆಯಲ್ಲಿ ನೂರು ಸಲ ಕೇಳಿದ ಶಬ್ದ, ಆದರೆ ಅಜ್ಜನ ಬಾಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಮನೆಯಲ್ಲಿ ನಮಗ್ಯಾರಿಗೂ ಅವರು ವಿಶ್ರಾಮ್ ಹೇಳಿಯೇ ಇರಲಿಲ್ಲ! ಕೇಳದ ದನಿಯನ್ನು ಕದಿಯುವುದು ಹೇಗೆ?

ಅಜ್ಜನ ಬಾಯಿ ಮೀನಿನಂತೆ ಎರಡು ಸಲ ತೆರೆದು ಮುಚ್ಚಿತು. ಒಬ್ಬರ ಮೊಣಕಾಲು ನಡುಗತೊಡಗಿತ್ತು. ಇನ್ನೊಬ್ಬರ ಮೂಗಿನ ಮೇಲೆ ನೊಣ ಕೂತಿತ್ತು. ಮೊಣಕಾಲಿನವರು ಕುರ್ಚಿಯತ್ತ ವಾಲಿದಾಗ ಪಕ್ಕದ ಗುಮಾಸ್ತರು ಹಲ್ಲು ಕಚ್ಚಿ ಗದರಿದರು: "ತಡೀರಿ, ಆರ್ಡರ್ ಬಂದಿಲ್ಲ!" ಜೀವಮಾನವಿಡೀ ಆರ್ಡರಿಲ್ಲದೆ ಅಲುಗಾಡದ ಮಂದಿ. ನೊಣ ಕೂಡ ಕದಲಲಿಲ್ಲ.

ಅಂಗಳ ಅಷ್ಟು ನಿಶ್ಶಬ್ದವಾದ ಮೇಲೆ ಅಜ್ಜ ಡ್ರಮ್ಮಿನತ್ತ ಒಮ್ಮೆ ಕೆಂಗಣ್ಣು ಬಿಟ್ಟು, ಮುಂದೆ ತಿರುಗಿ, ಕಾಗದ ಹರಿದಂಥ ತಮ್ಮದೇ ದನಿಯಲ್ಲಿ ಹೇಳಿದರು: "ವಿಶ್ರಾಮ್."

ಕೊನೆಯ ಸಾಲಿಗೂ ಕೇಳಿಸಿತು. ನಲವತ್ತು ಮಂದಿ ಒಟ್ಟಿಗೆ ಉಸಿರು ಬಿಟ್ಟರು.

"ತಪ್ಪಾತ್ರೀ ಯಜ್ಜಾ" ಎಂದು ಎದ್ದು ಬಂದೆ.

"ನಡಿ ಲೇ, ನಿನ್ನ ನೌಕರಿ ಹೋತು."

ಆಮೇಲೆ ಅವರು ತೀರಿಕೊಳ್ಳುವವರೆಗೂ ಆಜ್ಞೆ ಅವರದೇ, ಪಿಸುಮಾತಿನಲ್ಲಿಯೇ. ಕೇಳಿಸಲೆಂದು ಮುದುಕರು ವರ್ಷವರ್ಷವೂ ಒಂದೊಂದು ಹೆಜ್ಜೆ ಮುಂದೆ ಸರಿದರು. ಕೊನೆಯ ವರ್ಷವಂತೂ ಸಾಲು ಕಂಬಕ್ಕೇ ಅಂಟಿಕೊಂಡಿತ್ತು. ಧ್ವಜ ಬಿಚ್ಚಿದಾಗ ಒಳಗಿದ್ದ ಹೂವಿನ ಪಕಳೆಗಳೆಲ್ಲ ಅವರ ಬೋಳು ತಲೆಗಳ ಮೇಲೇ ಬಿದ್ದವು. ಒಬ್ಬರೂ ಕೊಡವಿಕೊಳ್ಳಲಿಲ್ಲ, ಅಜ್ಜ ಇನ್ನೂ ಹೇಳಿರಲಿಲ್ಲ.