ಗ್ಯಾರೇಜಿನಲ್ಲಿ ನಿಂತ ದೋಣಿ

"ಎಂತ ಕೂರಿಸ್ತಾ ಇದೀಯ ತಮ್ಮಾ?"

ಯಲ್ಲಾಪುರದ ಗ್ಯಾರೇಜಿನಲ್ಲಿ ದಿಮ್ಮಿಗಳ ಮೇಲೆ ನಿಲ್ಲಿಸಿದ್ದ ದೋಣಿಯೊಳಗೆ ನಾನು ಕೊನೆಯ ಪೈಪು ಬಿಗಿಯುತ್ತಿದ್ದೆ. ಎದುರು ಕೆಟ್ಟು ನಿಂತ ಬಸ್ಸಿನಿಂದಿಳಿದ ಹೆಂಗಸೊಬ್ಬರು ಇಣುಕಿ ಕೇಳಿದ್ದರು.

"ಪಾಯಖಾನೆ ಅಮ್ಮಾ. ಹೊಳೆಗೆ ಬಿಡೂದಲ್ಲ, ಎಲ್ಲಾ ಈ ಟ್ಯಾಂಕಿಯಲ್ಲೇ ನಿಲ್ತದೆ."

ಅವರು ಟ್ಯಾಂಕಿಯನ್ನು ತಟ್ಟಿ ನೋಡಿದರು. "ಹಾಗಾದ್ರೆ ಹೊಳೆ ಇಲ್ದಿದ್ರೂ ಆಗ್ತದಲ್ಲ?"

ನಾನು ಸ್ಪ್ಯಾನರ್ ಕೆಳಗಿಡುವಷ್ಟರಲ್ಲಿ ಅವರು ಬಸ್ಸಿನಿಂದ ತುಂಬು ಗರ್ಭಿಣಿ ಮಗಳನ್ನು ಕರೆತಂದರು. ಸುತ್ತ ಎಲ್ಲೂ ಮರೆ ಇರಲಿಲ್ಲ. ಹೊಳೆನೀರು ಎಳೆಯಬೇಕಾದ ಪೈಪನ್ನು ನೀರಿನ ಬಕೆಟ್ಟಿಗೆ ಇಳಿಬಿಟ್ಟು, ಅವಳನ್ನು ದೋಣಿ ಹತ್ತಿಸಿ, ಪಂಪು ಒತ್ತುವುದನ್ನು ತೋರಿಸಿ, ರಸ್ತೆಯಾಚೆ ಹೋಗಿ ನಿಂತೆ.

ಮುಂದಿನ ವಾರ ಕಾಳಿ ಹಿನ್ನೀರಿನ ದಡದಲ್ಲಿ ದೋಣಿಗೆ ಪೂಜೆಯಾಯಿತು. ಮೊದಲು ಯಾರು ಹತ್ತಬೇಕೆಂದು ಮಾಲೀಕರ ಮನೆಯವರು ಚರ್ಚಿಸುತ್ತಿದ್ದರು. ನಾನು ತೆಂಗಿನಕಾಯಿ ಹಿಡಿದು ನಿಂತಿದ್ದೆ. ಮೊದಲು ಹತ್ತಿದವಳಿಗೆ ಅಷ್ಟರಲ್ಲಿ ಹೆರಿಗೆಯಾಗಿರಬಹುದೇ ಎಂದು ಯೋಚಿಸುತ್ತಿದ್ದೆ.